ವೆಬ್ಬಿನಲ್ಲಿ ಸರಿಯಿದ್ದದ್ದು ಮುದ್ರಣದಲ್ಲಿ ಕೆಡುವುದೇಕೆ: ಡಾಕ್‌ಬುಕ್ ಪರಿವರ್ತನೆಯ ದೋಷ ನಿವಾರಣೆ

ಡಾಕ್‌ಬುಕ್‌ನಲ್ಲಿ (ತಾಂತ್ರಿಕ ಪುಸ್ತಕಗಳನ್ನು ಬರೆಯಲು ಬಳಸುವ ಎಕ್ಸ್‌ಎಂಎಲ್ ಟ್ಯಾಗುಗಳ ವ್ಯವಸ್ಥೆ) ಬರೆದ ಕೈಪಿಡಿಯನ್ನು ವೆಬ್ ಪುಟಗಳಿಗೂ ಪಿಡಿಎಫ್‌ಗೂ ಪರಿವರ್ತಿಸುವವರ ಬಾಯಲ್ಲಿ ಪದೇ ಪದೇ ಕೇಳಿಬರುವ ದೂರು ಒಂದೇ: ವೆಬ್ ಪುಟ ನೆಟ್ಟಗೆ ಬಂದಿದೆ, ಪಿಡಿಎಫ್ ಮಾತ್ರ ಕೆಟ್ಟಿದೆ. ದೂರು ಬಂದೊಡನೆ ಸ್ಟೈಲ್‌ಶೀಟನ್ನು, ಅಂದರೆ ಪರಿವರ್ತನೆಯ ನಿಯಮಗಳಿರುವ ಕಡತವನ್ನು, ತೆರೆದು ತಿದ್ದಲು ಕೂರುವುದು ನಮ್ಮಲ್ಲಿ ಹಲವರ ರೂಢಿ. ನಾನೂ ಬಹಳ ಕಾಲ ಹಾಗೆಯೇ ಮಾಡುತ್ತಿದ್ದೆ. ದೋಷ ಕಣ್ಣಿಗೆ ಬೀಳುವುದು ಕೊನೆಯ ಹಂತದಲ್ಲಾದರೂ ಅದು ಹುಟ್ಟಿರುವುದು ಎಷ್ಟೋ ಸಲ ಅದಕ್ಕಿಂತ ಎರಡು ಮೂರು ಹಂತ ಹಿಂದೆ. ಆ ಹಂತಗಳ ನಡುವಿನ ಕಡತಗಳನ್ನು ತೆರೆದು ನೋಡದೆ ಸ್ಟೈಲ್‌ಶೀಟಿಗೆ ಕೈ ಹಾಕಿದರೆ, ಇರುವ ದೋಷ ಉಳಿಯುವುದಲ್ಲದೆ ಹೊಸದೊಂದು ಸೇರಿಕೊಳ್ಳುತ್ತದೆ.

ಮೊದಲ ಕೆಲಸ: ಹಂತಗಳನ್ನು ಬಿಡಿಸಿಡುವುದು

ನಮ್ಮ ಬಿಲ್ಡ್ ಸ್ಕ್ರಿಪ್ಟ್ ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ಮುಗಿಸುವುದರಿಂದ ಪರಿವರ್ತನೆ ಒಂದೇ ಕ್ರಿಯೆಯೆಂಬ ಭ್ರಮೆ ಹುಟ್ಟುತ್ತದೆ. ನಿಜದಲ್ಲಿ ಅಲ್ಲಿ ಐದು ಕೆಲಸಗಳು ಒಂದರ ಹಿಂದೊಂದು ನಡೆಯುತ್ತವೆ. ಬಿಡಿ ಬಿಡಿಯಾಗಿರುವ ಅಧ್ಯಾಯಗಳನ್ನು ಎಕ್ಸ್‌ಇನ್‌ಕ್ಲೂಡ್ ಒಟ್ಟುಗೂಡಿಸುತ್ತದೆ. ಹಾಗೆ ಜೋಡಣೆಯಾದ ಕಡತ ಡಾಕ್‌ಬುಕ್ ನಿಯಮಕ್ಕೆ ಒಪ್ಪುತ್ತದೆಯೇ ಎಂಬ ಪರಿಶೀಲನೆ ನಡೆಯುತ್ತದೆ. ಬಳಿಕ ಪ್ರೊಫೈಲಿಂಗ್, ಅಂದರೆ ವೆಬ್ಬಿಗಷ್ಟೇ ಅಥವಾ ಮುದ್ರಣಕ್ಕಷ್ಟೇ ಮೀಸಲಾದ ಭಾಗಗಳನ್ನು ಸೋಸುವ ಕೆಲಸ. ನಾಲ್ಕನೆಯದು ಸ್ಟೈಲ್‌ಶೀಟಿನಂತೆ ನಡೆಯುವ ಎಕ್ಸ್‌ಎಸ್‌ಎಲ್‌ಟಿ ರೂಪಾಂತರ: ವೆಬ್ಬಿಗಾದರೆ ಎಚ್‌ಟಿಎಂಎಲ್, ಮುದ್ರಣಕ್ಕಾದರೆ ಪುಟವಿನ್ಯಾಸವನ್ನು ವಿವರಿಸುವ ಎಕ್ಸ್‌ಎಸ್‌ಎಲ್-ಎಫ್‌ಒ. ಕೊನೆಯದಾಗಿ ಆ ಎಫ್‌ಒ ಕಡತವನ್ನು ಅಪಾಚೆ ಫಾಪ್ ಪುಟಗಳಾಗಿ ಜೋಡಿಸಿ ಪಿಡಿಎಫ್ ಬರೆಯುತ್ತದೆ. ವೆಬ್ಬಿನ ಕಡೆ ಈ ಐದನೆಯ ಕೆಲಸವನ್ನು ಬ್ರೌಸರ್ ಮಾಡುತ್ತದೆ. ಬ್ರೌಸರಿನದು ಕ್ಷಮಾಗುಣ, ಫಾಪ್‌ನದು ಕಟ್ಟುನಿಟ್ಟು. ತಲೆಬರಹದಲ್ಲಿರುವ ಪ್ರಶ್ನೆಗೆ ಅರ್ಧ ಉತ್ತರ ಈ ವ್ಯತ್ಯಾಸದಲ್ಲೇ ಇದೆ.

ಆದ್ದರಿಂದ ದೋಷ ಕಂಡಾಗ ಮೊದಲು ಮಾಡಬೇಕಾದದ್ದು, ಪ್ರತಿ ಹಂತದ ಫಲಿತಾಂಶವನ್ನು ಬೇರೆ ಬೇರೆ ಕಡತಗಳಾಗಿ ಉಳಿಸಿಕೊಳ್ಳುವುದು. ಎಕ್ಸ್‌ಎಂಎಲ್ ಕಡತಗಳನ್ನು ಪರಿಶೀಲಿಸುವ ಎಕ್ಸ್‌ಎಂಎಲ್‌ಲಿಂಟ್ ಉಪಕರಣಕ್ಕೆ ಎಕ್ಸ್‌ಇನ್‌ಕ್ಲೂಡ್ ಆಯ್ಕೆ ಕೊಟ್ಟು ಓಡಿಸಿದರೆ ಜೋಡಣೆಯಾದ ಕಡತ ಸಿಗುತ್ತದೆ. ಡಾಕ್‌ಬುಕ್ ಸ್ಟೈಲ್‌ಶೀಟುಗಳ ಜೊತೆಗೇ ಬರುವ ಪ್ರೊಫೈಲ್ ಸ್ಟೈಲ್‌ಶೀಟನ್ನು ಅದರ ಮೇಲೆ ಪ್ರತ್ಯೇಕವಾಗಿ ಓಡಿಸಿದರೆ ಸೋಸಿದ ಕಡತ ಸಿಗುತ್ತದೆ. ಫಾಪ್‌ಗೆ ಎಕ್ಸ್‌ಎಂಎಲ್ ಮತ್ತು ಸ್ಟೈಲ್‌ಶೀಟನ್ನು ನೇರವಾಗಿ ಕೊಡುವ ಬದಲು ರೂಪಾಂತರ ನಡೆಸುವ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಉಪಕರಣದಿಂದ ಎಫ್‌ಒ ಕಡತ ಬರೆಸಿ, ಅದನ್ನು ಫಾಪ್‌ಗೆ ಕೊಡಬೇಕು. ಈಗ ಕೆಟ್ಟ ಭಾಗದಲ್ಲಿರುವ ಒಂದು ವಿಶಿಷ್ಟ ಪದವನ್ನು ಆರಿಸಿಕೊಂಡು ಈ ಕಡತಗಳಲ್ಲಿ ಹಿಂದಿನಿಂದ ಮುಂದಕ್ಕೆ ಹುಡುಕುತ್ತ ಬನ್ನಿ. ಯಾವ ಕಡತದಲ್ಲಿ ಅದು ಮೊದಲ ಬಾರಿಗೆ ಕಾಣೆಯಾಗುತ್ತದೆಯೋ ಅಥವಾ ಕೆಡುತ್ತದೆಯೋ, ಆ ಕಡತವನ್ನು ಹುಟ್ಟಿಸಿದ ಹಂತದಲ್ಲೇ ದೋಷವಿದೆ.

ಅಧ್ಯಾಯವೇ ಕಾಣೆಯಾದಾಗ

ಜೋಡಣೆಯ ಹಂತದ ದೋಷಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಸದ್ದಿಲ್ಲದೆ ನಡೆಯುವಂಥದ್ದು. ಎಕ್ಸ್‌ಇನ್‌ಕ್ಲೂಡ್ ಹೇಳಿದ ಕಡತ ಸಿಗದಿದ್ದರೆ ಪ್ರಕ್ರಿಯೆ ಅಲ್ಲೇ ನಿಲ್ಲಬೇಕೆಂಬುದು ಅದರ ನಿಯಮ. ಆದರೆ ಯಾರೋ ಹಿಂದೊಮ್ಮೆ ಬಿಲ್ಡ್ ನಿಲ್ಲದಿರಲೆಂದು ಅದರೊಳಗೆ ಖಾಲಿ ಫಾಲ್‌ಬ್ಯಾಕ್ ಎಲಿಮೆಂಟ್ (ಕಡತ ಸಿಗದಾಗ ಬಳಸುವ ಬದಲಿ ಪಠ್ಯದ ಟ್ಯಾಗ್) ಇಟ್ಟುಬಿಟ್ಟಿದ್ದರೆ, ಸಿಗದ ಅಧ್ಯಾಯದ ಜಾಗದಲ್ಲಿ ಏನೂ ಇಲ್ಲದೆ ಪುಸ್ತಕ ಸಿದ್ಧವಾಗುತ್ತದೆ. ಅಧ್ಯಾಯ ಸಂಖ್ಯೆಗಳನ್ನು ಸ್ಟೈಲ್‌ಶೀಟೇ ಎಣಿಸುವುದರಿಂದ 4ರ ನಂತರ 5 ಎಂದೇ ಬರುತ್ತದೆ, ಆರನೆಯದು ಐದಾಗಿರುವುದು ಯಾರಿಗೂ ತಿಳಿಯುವುದಿಲ್ಲ. ಖಾಲಿ ಫಾಲ್‌ಬ್ಯಾಕನ್ನು ನಾನು ಕಂಡಲ್ಲೆಲ್ಲ ತೆಗೆದುಹಾಕುತ್ತೇನೆ. ನಿಂತುಹೋದ ಬಿಲ್ಡ್ ಅಧ್ಯಾಯವಿಲ್ಲದ ಪುಸ್ತಕಕ್ಕಿಂತ ಸಾವಿರ ಪಾಲು ಮೇಲು.

ಕಡತ ಸಿಗದಿರಲು ಸಾಮಾನ್ಯ ಕಾರಣ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸ. ವಿಂಡೋಸ್‌ನಲ್ಲಿ ಬರೆಯುವವರಿಗೆ ಅದು ತೊಂದರೆ ಕೊಡುವುದಿಲ್ಲ, ಲಿನಕ್ಸ್ ಸರ್ವರಿನಲ್ಲಿ ಬಿಲ್ಡ್ ಆಗುವಾಗ ಅದೇ ಕಡತ ಇಲ್ಲವೆಂದಾಗುತ್ತದೆ. ಚಿತ್ರಗಳ ವಿಷಯದಲ್ಲೂ ಇದೇ ಕಥೆ.

ಎಂಟಿಟಿಗಳ, ಅಂದರೆ ವಿಶೇಷ ಅಕ್ಷರಗಳ ಬದಲಾಗಿ ಬರೆಯುವ ಹೆಸರುಗಳ, ತೊಡಕು ಇನ್ನೊಂದು. ಡಾಕ್‌ಬುಕ್ 1991ರಲ್ಲಿ, ಎಕ್ಸ್‌ಎಂಎಲ್‌ಗೆ ಮೂಲವಾದ ಎಸ್‌ಜಿಎಂಎಲ್ ಕಾಲದಲ್ಲಿ ಹುಟ್ಟಿದ್ದು, ಎಕ್ಸ್‌ಎಂಎಲ್ 1.0 ಬಂದದ್ದು 1998ರಲ್ಲಿ. ಹಳೆಯ ಆವೃತ್ತಿಗಳಲ್ಲಿ ಎನ್‌ಬಿಎಸ್‌ಪಿ, ಎಮ್‌ಡ್ಯಾಶ್ ಮುಂತಾದ ಎಂಟಿಟಿಗಳ ವಿವರಣೆ ಡಿಟಿಡಿ ಎಂಬ ನಿಯಮಪಟ್ಟಿಯ ಜೊತೆಗೇ ಬರುತ್ತಿತ್ತು. 5.0ನೇ ಆವೃತ್ತಿಯಿಂದ ಡಿಟಿಡಿಯ ಬದಲು ರಿಲ್ಯಾಕ್ಸ್ ಎನ್‌ಜಿ ಸ್ಕೀಮಾ ಪ್ರಧಾನವಾಗಿ, ಕಡತದ ತಲೆಯಲ್ಲಿ ಡಿಟಿಡಿಯನ್ನು ಹೆಸರಿಸುತ್ತಿದ್ದ ಡಾಕ್‌ಟೈಪ್ ಘೋಷಣೆ ಅನಗತ್ಯವಾಯಿತು. ಹಳೆಯ ಕಡತವನ್ನು ಹೊಸ ಆವೃತ್ತಿಗೆ ತರುವಾಗ ಆ ಘೋಷಣೆ ಹೋದರೆ ಅದರೊಂದಿಗೆ ಎಂಟಿಟಿಗಳೂ ಹೋಗುತ್ತವೆ, ಏಕೆಂದರೆ ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವ ಎಂಟಿಟಿಗಳು ಐದೇ ಐದು. ಪರಿಹಾರ ಸರಳ: ಹೆಸರಿನ ಬದಲು ನೇರ ಅಕ್ಷರವನ್ನೋ ಸಂಖ್ಯೆಯನ್ನೋ ಬಳಸಿ, ಮುರಿಯದ ಖಾಲಿ ಜಾಗಕ್ಕೆ 160, ಎಮ್‌ಡ್ಯಾಶ್‌ಗೆ 8212.

ಬಿಲ್ಡ್ ಕೆಲವೊಮ್ಮೆ ಬೇಗ ಮುಗಿದು ಕೆಲವೊಮ್ಮೆ ನಿಮಿಷಗಟ್ಟಲೆ ತೆವಳುತ್ತಿದ್ದರೆ, ಪರಿವರ್ತಕವು ಡಿಟಿಡಿಯನ್ನೋ ಸ್ಟೈಲ್‌ಶೀಟನ್ನೋ ಪ್ರತಿ ಸಲವೂ ಅಂತರ್ಜಾಲದಿಂದ ತರುತ್ತಿದೆಯೆಂದು ಅನುಮಾನಿಸಬೇಕು. ಎಕ್ಸ್‌ಎಸ್‌ಎಲ್‌ಟಿಪ್ರಾಕ್‌ಗೆ ಅಂತರ್ಜಾಲ ಮುಟ್ಟದಂತೆ ತಡೆಯುವ ನೋನೆಟ್ ಆಯ್ಕೆ ಕೊಟ್ಟು ಓಡಿಸಿ; ಎಲ್ಲಿ ಮುಗ್ಗರಿಸುತ್ತದೆಯೋ ಆ ವಿಳಾಸವನ್ನು ಎಕ್ಸ್‌ಎಂಎಲ್ ಕ್ಯಾಟಲಾಗ್‌ನಲ್ಲಿ ಸ್ಥಳೀಯ ಕಡತಕ್ಕೆ ಜೋಡಿಸಿ.

ಮೂರು ಪ್ರಶ್ನಾರ್ಥಕ ಚಿಹ್ನೆಗಳು

ನಾನು ಕೆಲಸ ಮಾಡುತ್ತಿದ್ದ ಒಂದು ಅನುಸ್ಥಾಪನಾ ಕೈಪಿಡಿಯ ಮುದ್ರಿತ ಪ್ರತಿಯಲ್ಲಿ ಒಂದು ವಾಕ್ಯ ಹೀಗೆ ಬಂದಿತ್ತು: “ಬ್ಯಾಕಪ್ ವೇಳಾಪಟ್ಟಿಯ ವಿವರಕ್ಕೆ ??? ನೋಡಿ.” ವೆಬ್ ಪುಟದಲ್ಲಿ ಅದೇ ಜಾಗದಲ್ಲಿ ವಿಭಾಗದ ಹೆಸರು ಕೊಂಡಿಯ ಸಮೇತ ಸರಿಯಾಗಿತ್ತು. ಜೋಡಣೆಯಾದ ಕಡತವನ್ನು ಪರಿಶೀಲಕ ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡಿತ್ತು. ಎರಡು ಸಂಜೆ ನಾವು ಮುದ್ರಣದ ಸ್ಟೈಲ್‌ಶೀಟಿನಲ್ಲಿ ಒಳಕೊಂಡಿಗಳನ್ನು ಬರೆಯುವ ಎಕ್ಸ್‌ರೆಫ್ ಟೆಂಪ್ಲೇಟನ್ನು ಸಾಲು ಸಾಲಾಗಿ ಓದಿದೆವು. ಮೂರನೆಯ ಸಂಜೆ ಸೋಸಿದ ಕಡತವನ್ನು ತೆರೆದು ಆ ಕೊಂಡಿಯ ಗುರಿಯಾದ ಐಡಿಯನ್ನು ಹುಡುಕಿದಾಗ ಅದು ಅಲ್ಲಿರಲೇ ಇಲ್ಲ. ಆ ವಿಭಾಗಕ್ಕೆ ನೇರವಾಗಿ ಯಾವ ಗುರುತೂ ಇರಲಿಲ್ಲ. ಅದರ ಮೇಲಿನ ತಾಯಿ ವಿಭಾಗಕ್ಕೆ ಕಂಡಿಷನ್ ಆಟ್ರಿಬ್ಯೂಟಿನಲ್ಲಿ ವೆಬ್ ಎಂದು ಬರೆದಿತ್ತು. ಮುದ್ರಣಕ್ಕಾಗಿ ಸೋಸುವಾಗ ತಾಯಿಯ ಜೊತೆ ಮಗುವೂ ಹೋಗಿತ್ತು, ಅದನ್ನು ಕರೆಯುವ ವಾಕ್ಯ ಮಾತ್ರ ಬೇರೊಂದು ಅಧ್ಯಾಯದಲ್ಲಿ ಉಳಿದುಕೊಂಡಿತ್ತು.

ಪರಿಶೀಲಕ ಸುಳ್ಳು ಹೇಳಿರಲಿಲ್ಲ. ಅದು ನೋಡಿದ್ದು ಸೋಸುವ ಮುನ್ನಿನ ಕಡತವನ್ನು. ಅಲ್ಲಿ ಗುರಿಯೂ ಇತ್ತು, ಕೊಂಡಿಯೂ ಇತ್ತು. ಅಂದಿನಿಂದ ನಾನು ಪರಿಶೀಲನೆಯನ್ನು ಎರಡು ಬಾರಿ ಮಾಡುತ್ತೇನೆ: ಜೋಡಣೆಯ ನಂತರ ಒಮ್ಮೆ, ಪ್ರತಿ ರೂಪಕ್ಕೂ ಸೋಸಿದ ನಂತರ ಇನ್ನೊಮ್ಮೆ. ತಿದ್ದುಪಡಿಗೆ ಎರಡು ದಾರಿಗಳಿವೆ. ಕೊಂಡಿಯಿರುವ ವಾಕ್ಯಕ್ಕೂ ಅದೇ ಕಂಡಿಷನ್ ಹಾಕಬಹುದು, ಇಲ್ಲವೇ ಗುರಿಯಾದ ವಿಭಾಗವನ್ನು ಎರಡೂ ರೂಪಗಳಿಗೆ ಉಳಿಸಿ ತಾಯಿ ವಿಭಾಗದ ಗುರುತನ್ನು ಕೆಳಗಿನ ನಿಜವಾಗಿ ಬೇಡದ ಪ್ಯಾರಾಗಳಿಗೆ ಇಳಿಸಬಹುದು. ಎರಡನೆಯದು ಶ್ರಮದ ದಾರಿಯಾದರೂ ಓದುಗರಿಗೆ ನ್ಯಾಯ ಒದಗಿಸುವುದು ಅದೇ ಎಂದು ನನ್ನ ನಂಬಿಕೆ.

ಪರಿಶೀಲಕ ಜಿಂಗ್ ಆಗಿದ್ದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸ್ಕೀಮಾದಲ್ಲಿ ಐಡಿಗಳ ಬಗೆ ಒಂದಕ್ಕೊಂದು ಹೊಂದುತ್ತಿಲ್ಲವೆಂದು ಜಿಂಗ್ ದೂರುವುದುಂಟು. ಆ ದೂರನ್ನು ಅಡಗಿಸಲು ಹಲವು ಬಿಲ್ಡ್ ಸ್ಕ್ರಿಪ್ಟುಗಳಲ್ಲಿ ಐ ಎಂಬ ಆಯ್ಕೆಯನ್ನು ಸೇರಿಸಿರುತ್ತಾರೆ. ಆ ಆಯ್ಕೆ ಐಡಿ ಮತ್ತು ಅವುಗಳ ಉಲ್ಲೇಖಗಳ ಪರಿಶೀಲನೆಯನ್ನೇ ಪೂರ್ತಿ ನಿಲ್ಲಿಸುತ್ತದೆ. ಆಗ ಸತ್ತ ಕೊಂಡಿಗಳಿಂದ ತುಂಬಿದ ಕಡತವೂ ನಿರ್ದೋಷಿಯಾಗಿ ಹೊರಬರುತ್ತದೆ. ಆ ಆಯ್ಕೆ ಬಿಡುವಂತಿಲ್ಲವಾದರೆ, ಪ್ರತಿ ಲಿಂಕೆಂಡ್‌ಗೂ (ಕೊಂಡಿಯಲ್ಲಿ ಬರೆದ ಗುರಿಯ ಹೆಸರು) ಅದೇ ಹೆಸರಿನ ಎಕ್ಸ್‌ಎಂಎಲ್ ಐಡಿ ಇದೆಯೇ ಎಂದು ನೋಡುವ ಹತ್ತು ಸಾಲಿನ ಚಿಕ್ಕ ಸ್ಟೈಲ್‌ಶೀಟನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಬೇಕು.

ಪ್ರಶ್ನಾರ್ಥಕ ಚಿಹ್ನೆಗಳು ಬಾರದೆ, ಕೊಂಡಿಯ ಪಠ್ಯ ಸರಿಯಿದ್ದು, ಫಾಪ್ ಮಾತ್ರ ಇಂಥ ಪುಟದಲ್ಲಿ ಇಂಥ ಐಡಿ ಸಿಗಲಿಲ್ಲವೆಂದು ಎಚ್ಚರಿಸಿದರೆ ಅದು ಬೇರೆಯೇ ದೋಷ. ಗುರಿ ಮೂಲದಲ್ಲಿದೆ, ಸ್ಟೈಲ್‌ಶೀಟ್ ಅದರ ಶೀರ್ಷಿಕೆಯನ್ನೂ ಓದಿಕೊಂಡಿದೆ. ಆದರೆ ನಾವು ಬರೆದ ಯಾವುದೋ ಸ್ವಂತ ಟೆಂಪ್ಲೇಟ್ ಆ ಎಲಿಮೆಂಟನ್ನು ಹೊರಹಾಕುವಾಗ ಐಡಿಯನ್ನು ಎಫ್‌ಒ ಬ್ಲಾಕಿನ ಮೇಲೆ ಇಡಲು ಮರೆತಿದೆ. ಎಚ್‌ಟಿಎಂಎಲ್‌ನಲ್ಲಿ ಇದೇ ಮರೆವು ನಡೆದಾಗ ಬ್ರೌಸರ್ ಪುಟದ ತಲೆಗೆ ಒಯ್ದು ಸುಮ್ಮನಾಗುತ್ತದೆ, ಯಾರೂ ದೂರುವುದಿಲ್ಲ.

ವೆಬ್ ಕೊಂಡಿಗಳು ಪ್ರತಿ ಬಿಲ್ಡಿಗೂ ಬದಲಾಗುತ್ತಿದ್ದರೆ ವಿಭಾಗಗಳಿಗೆ ಸ್ವಂತ ಐಡಿ ಇಲ್ಲವೆಂದರ್ಥ. ಸ್ಟೈಲ್‌ಶೀಟ್ ತಾನೇ ಹುಟ್ಟಿಸುವ ಐಡಿಗಳು ಸ್ಥಿರವಲ್ಲ.

ಕೆಂಪು ಟ್ಯಾಗುಗಳು ಮತ್ತು ಕೆಲಸ ಮಾಡದ ಟೆಂಪ್ಲೇಟ್

ಪುಟದ ನಡುವೆ ಎಲಿಮೆಂಟಿನ ಹೆಸರು ಕೋನ ಚಿಹ್ನೆಗಳ ಸಮೇತ ಕೆಂಪು ಬಣ್ಣದಲ್ಲಿ ಕಾಣಿಸಿದರೆ, ಆ ಎಲಿಮೆಂಟಿಗೆ ಹೊಂದುವ ಟೆಂಪ್ಲೇಟ್ ಸಿಗಲಿಲ್ಲವೆಂದು ಸ್ಟೈಲ್‌ಶೀಟ್ ಹೇಳುತ್ತಿದೆ. ಹೆಸರಿನಲ್ಲಿ ಕಾಗುಣಿತ ತಪ್ಪಿಲ್ಲದಿದ್ದರೆ ನೇಮ್‌ಸ್ಪೇಸನ್ನು, ಅಂದರೆ ಟ್ಯಾಗುಗಳು ಯಾವ ಗುಂಪಿನವೆಂಬ ಗುರುತನ್ನು, ನೋಡಬೇಕು. ಡಾಕ್‌ಬುಕ್ 5ರ ಎಲಿಮೆಂಟುಗಳೆಲ್ಲ ಒಂದು ನೇಮ್‌ಸ್ಪೇಸಿಗೆ ಸೇರಿರುತ್ತವೆ, 4ರವು ಯಾವುದಕ್ಕೂ ಸೇರಿರುವುದಿಲ್ಲ. ಪುಸ್ತಕದ ಮುಖ್ಯ ಕಡತ 5ರದ್ದಾಗಿದ್ದು, ಒಳಗೆ ಸೇರುವ ಒಂದು ಅಧ್ಯಾಯದಲ್ಲಿ ನೇಮ್‌ಸ್ಪೇಸ್ ಘೋಷಣೆ ಬಿಟ್ಟುಹೋಗಿದ್ದರೆ, ಆ ಅಧ್ಯಾಯ ಮಾತ್ರ ಪೂರ್ತಿ ಕೆಂಪಾಗಿ ಬರುತ್ತದೆ. ಘೋಷಣೆ ತಾಯಿ ಕಡತದಿಂದ ಇಳಿದು ಬರುತ್ತದೆಂದು ಭಾವಿಸುವುದು ಸಹಜ. ಆದರೆ ಎಕ್ಸ್‌ಇನ್‌ಕ್ಲೂಡ್ ಪ್ರತಿ ಕಡತವನ್ನೂ ಮೊದಲು ಸ್ವತಂತ್ರವಾಗಿ ಓದಿ ನಂತರ ಜೋಡಿಸುತ್ತದೆ.

ಇಲ್ಲೊಂದು ಗೊಂದಲ ಸೇರಿಕೊಳ್ಳುತ್ತದೆ. ಡಾಕ್‌ಬುಕ್ ಎಕ್ಸ್‌ಎಸ್‌ಎಲ್ ಸ್ಟೈಲ್‌ಶೀಟುಗಳು ಎರಡು ಜೋಡಿಗಳಾಗಿ ಬರುತ್ತವೆ, ನೇಮ್‌ಸ್ಪೇಸ್ ಇರುವವು ಮತ್ತು ಇಲ್ಲದವು. ಇಲ್ಲದ ಜೋಡಿಗೆ 5ರ ಕಡತ ಕೊಟ್ಟರೆ ಅದು ಮೊದಲು ನೇಮ್‌ಸ್ಪೇಸನ್ನು ಕಿತ್ತು, ಹಾಗೆ ಕಿತ್ತಿದ್ದೇನೆಂದು ಒಂದು ಸೂಚನೆ ಬರೆದು ಮುಂದುವರಿಯುತ್ತದೆ. ಆದ್ದರಿಂದ ಘೋಷಣೆಯಿಲ್ಲದ ಅಧ್ಯಾಯವೂ ಅದರಲ್ಲಿ ಸರಾಗವಾಗಿ ಸಾಗುತ್ತದೆ. ವೆಬ್ಬಿಗೆ ಒಂದು ಜೋಡಿಯನ್ನೂ ಮುದ್ರಣಕ್ಕೆ ಇನ್ನೊಂದನ್ನೂ ಬಳಸುವ ಬಿಲ್ಡಿನಲ್ಲಿ ದೋಷ ಒಂದೇ ಕಡೆ ಕಾಣಿಸುವುದು ಹೀಗೆ. ನಿಮ್ಮ ಸ್ವಂತ ಟೆಂಪ್ಲೇಟಿಗೂ ಇದೇ ಮಾತು ಅನ್ವಯಿಸುತ್ತದೆ: ನೇಮ್‌ಸ್ಪೇಸ್ ಇರುವ ಜೋಡಿಯ ಮೇಲೆ ಕಟ್ಟಿದ ಕಸ್ಟಮೈಸೇಷನ್ ಪದರದಲ್ಲಿ ಮ್ಯಾಚ್ ಎದುರು ಬರೀ ಚಾಪ್ಟರ್ ಎಂದು ಬರೆದರೆ ಆ ಟೆಂಪ್ಲೇಟ್ ಎಂದಿಗೂ ಓಡುವುದಿಲ್ಲ, ತಪ್ಪು ಸಂದೇಶವೂ ಬರುವುದಿಲ್ಲ. ಮುಂದೆ ಡಿ ಎಂಬ ಪೂರ್ವಪ್ರತ್ಯಯವಿರಬೇಕು. ಟೆಂಪ್ಲೇಟ್ ಓಡುತ್ತಿದೆಯೇ ಎಂಬ ಸಂಶಯವಿದ್ದರೆ ಅದರೊಳಗೆ ಒಂದು ಎಕ್ಸ್‌ಎಸ್‌ಎಲ್ ಮೆಸೇಜ್ ಇಟ್ಟು ನೋಡಿ. ಊಹೆ ಅಲ್ಲಿಗೆ ಮುಗಿಯುತ್ತದೆ.

ಪುಟದ ಅಂಚು ದಾಟುವ ಸಾಲುಗಳು

ಈಗ ಮುದ್ರಣಕ್ಕೇ ವಿಶೇಷವಾದ ದೋಷಗಳಿಗೆ ಬರುತ್ತೇನೆ. ಒಂದು ಬ್ಲಾಕಿನ ಪಠ್ಯ ತನಗಿರುವ ಅಗಲವನ್ನು ಇಷ್ಟು ಮಿಲಿಪಾಯಿಂಟುಗಳಷ್ಟು ಮೀರಿದೆ ಎಂಬ ಎಚ್ಚರಿಕೆಯನ್ನು ಫಾಪ್ ಬಳಸುವವರೆಲ್ಲ ಕಂಡಿದ್ದಾರೆ, ಬಹುಪಾಲು ಜನ ಓದದೆ ಬಿಟ್ಟಿದ್ದಾರೆ. ಆ ಸಂಖ್ಯೆ ಬಹಳ ಉಪಯುಕ್ತ. 1,000 ಮಿಲಿಪಾಯಿಂಟ್ ಎಂದರೆ 1 ಪಾಯಿಂಟ್, 72 ಪಾಯಿಂಟ್ ಎಂದರೆ 1 ಅಂಗುಲ.

ಒಂದು ಲೆಕ್ಕ ಮಾಡಿ ನೋಡೋಣ. ಎ4 ಹಾಳೆಯ ಅಗಲ 210 ಮಿಲಿಮೀಟರ್, ಅಂದರೆ ಸುಮಾರು 595 ಪಾಯಿಂಟ್. ಎರಡೂ ಬದಿ ತಲಾ 1 ಅಂಗುಲ ಅಂಚು ಬಿಟ್ಟರೆ ಉಳಿಯುವುದು 451. ಮೈಪಠ್ಯವನ್ನು ಶೀರ್ಷಿಕೆಗಿಂತ ಒಳಸರಿಸಲು ಡಾಕ್‌ಬುಕ್ ಸ್ಟೈಲ್‌ಶೀಟ್ ತಾನಾಗಿ ಬಿಡುವ 4 ಪೈಕಾ, ಅಂದರೆ 48 ಪಾಯಿಂಟ್ ಕಳೆದರೆ 403. ಪಠ್ಯ 10 ಪಾಯಿಂಟ್ ಇದ್ದಾಗ ಕೋಡ್ 9 ಪಾಯಿಂಟಿನಲ್ಲಿ ಅಚ್ಚಾಗುತ್ತದೆ. ಕೊರಿಯರ್ ಅಕ್ಷರದ ಅಗಲ ಅದರ ಗಾತ್ರದ 0.6 ಪಾಲು, ಅಂದರೆ 5.4 ಪಾಯಿಂಟ್. ಒಂದು ಸಾಲಿಗೆ 74 ಅಕ್ಷರ ಹಿಡಿಸುತ್ತದೆ. ಪ್ರೋಗ್ರಾಮರುಗಳು ರೂಢಿಯಂತೆ 80 ಅಕ್ಷರದ ಸಾಲು ಬರೆದರೆ ಅದಕ್ಕೆ 432 ಪಾಯಿಂಟ್ ಬೇಕು. ಎಚ್ಚರಿಕೆಯಲ್ಲಿ 28,700ರ ಆಸುಪಾಸಿನ ಸಂಖ್ಯೆ ಕಂಡರೆ, ಅದು 80 ಅಕ್ಷರ ತುಂಬಿದ ಕೋಡ್ ಸಾಲೆಂದು ಕಡತ ತೆರೆಯದೆಯೇ ಹೇಳಬಹುದು. ಆ ಸಾಲು ಅಂಚಿನೊಳಗೆ 10 ಮಿಲಿಮೀಟರ್ ಚಾಚಿಕೊಂಡಿರುತ್ತದೆ. ವೆಬ್ಬಿನಲ್ಲಿ ಪುಟದ ಅಗಲಕ್ಕೆ ಮಿತಿಯಿಲ್ಲವಾದ್ದರಿಂದ ಇದು ಅಲ್ಲಿ ಗೋಚರಿಸುವುದೇ ಇಲ್ಲ.

ಒಳಸರಿತವನ್ನು ಸೊನ್ನೆ ಮಾಡಿದರೆ 83 ಅಕ್ಷರಗಳಿಗೆ ಜಾಗ ಸಿಗುತ್ತದೆ. ನನಗೆ ಮೆಚ್ಚುಗೆಯಾದ ಪರಿಹಾರ ಅದು. ಅದು ಸಾಲದಿದ್ದರೆ ಕೋಡಿನ ಗುಣಗಳ ಗುಂಪಿನಲ್ಲಿ ಸಾಲು ಮಡಚಲು ಅನುಮತಿ ಕೊಡಬಹುದು, ಆದರೆ ಓದುಗರು ನಕಲು ಮಾಡಿ ಓಡಿಸುವ ಆಜ್ಞೆಗಳಲ್ಲಿ ಮಡಿಕೆ ಎಲ್ಲಿ ಬಿತ್ತೆಂಬುದು ಸ್ಪಷ್ಟವಾಗಿರಬೇಕು. ಇವೆಲ್ಲಕ್ಕೂ ಮುನ್ನ ಪೇಪರ್ ಟೈಪ್ ಪ್ಯಾರಾಮೀಟರನ್ನು ನೋಡಿ. ಅದರ ಮೂಲ ಬೆಲೆ ಎ4 ಅಲ್ಲ, ಅಮೆರಿಕದ ಲೆಟರ್ ಗಾತ್ರ. ಅದು ಎ4ಗಿಂತ 6 ಮಿಲಿಮೀಟರ್ ಅಗಲ, ಸುಮಾರು 18 ಮಿಲಿಮೀಟರ್ ಗಿಡ್ಡ. ಪುಟ ಮುರಿಯುವ ಜಾಗಗಳೆಲ್ಲ ಲೆಕ್ಕ ತಪ್ಪುವುದು ಇದರಿಂದಲೇ.

ಕೋಷ್ಟಕಗಳಲ್ಲಿ ದೋಷದ ಬೇರು ಇನ್ನೂ ಸ್ಪಷ್ಟ. ಬ್ರೌಸರ್ ಪ್ರತಿ ಅಂಕಣದ ಒಳಗಿರುವ ಪಠ್ಯವನ್ನು ಅಳೆದು ಅಗಲವನ್ನು ತಾನೇ ಹಂಚುತ್ತದೆ. ಫಾಪ್ ಆ ಕೆಲಸ ಮಾಡುವುದಿಲ್ಲ. ಅಗಲ ಹೇಳದಿದ್ದರೆ ಎಲ್ಲ ಅಂಕಣಗಳಿಗೂ ಸಮಪಾಲು. ಹಾಗಾಗಿ ಕ್ರಮಸಂಖ್ಯೆಯ ಅಂಕಣ ಖಾಲಿ ಹೊಡೆಯುತ್ತಿರುತ್ತದೆ, ವಿವರಣೆಯ ಅಂಕಣದಲ್ಲಿ ಪದಗಳು ಒಂದರ ಮೇಲೊಂದು ಇರುಕಿಕೊಳ್ಳುತ್ತವೆ. ಅಂಕಣದ ಅಗಲ ಹೇಳುವ ಕಾಲ್‌ಸ್ಪೆಕ್ ಎಲಿಮೆಂಟುಗಳಲ್ಲಿ 1, 3, 6 ಎಂಬಂತೆ ನಕ್ಷತ್ರ ಚಿಹ್ನೆಯೊಂದಿಗೆ ಪಾಲುಗಳನ್ನು ಬರೆದರೆ ಎರಡೂ ರೂಪಗಳಲ್ಲಿ ಸರಿಹೋಗುತ್ತದೆ. ಪ್ರತಿ ಕೋಷ್ಟಕಕ್ಕೂ ಇದನ್ನು ಬರೆಯುವುದು ಬರಹಗಾರರ ಕರ್ತವ್ಯವೆಂದೇ ನಾನು ಹೇಳುತ್ತೇನೆ, ಸ್ಟೈಲ್‌ಶೀಟ್ ಇದನ್ನು ಊಹಿಸಲಾರದು.

ಚಿತ್ರಗಳ ಗಾತ್ರವೂ ಹೀಗೆಯೇ. ರೆಸಲ್ಯೂಷನ್ ಮಾಹಿತಿಯಿಲ್ಲದ ಚಿತ್ರವನ್ನು ಫಾಪ್ ಸಾಮಾನ್ಯವಾಗಿ ಅಂಗುಲಕ್ಕೆ 72 ಚುಕ್ಕೆಯೆಂದು ಎಣಿಸುತ್ತದೆ, ಆಗ 1,440 ಚುಕ್ಕೆ ಅಗಲದ ತೆರೆಚಿತ್ರ 20 ಅಂಗುಲವಾಗುತ್ತದೆ. ಮುದ್ರಣದ ಇಮೇಜ್‌ಡೇಟಾದಲ್ಲಿ ಅಗಲವನ್ನು ಶೇ. 100 ಎಂದೂ ಸ್ಕೇಲ್‌ಫಿಟ್ ಅನ್ನು 1 ಎಂದೂ ಇಡಿ.

ಅಕ್ಷರ ಹೋಗಿ ಚೌಕಜಾಲ ಚಿಹ್ನೆ ಬಂದಾಗ

ಪಿಡಿಎಫ್‌ನಲ್ಲಿ ಅಕ್ಷರಗಳ ಬದಲು # ಚಿಹ್ನೆಯ ಸಾಲು ಕಂಡರೆ ಎನ್‌ಕೋಡಿಂಗ್ ಕೆಟ್ಟಿದೆಯೆಂದು ಹೆದರಬೇಕಿಲ್ಲ. ಎಫ್‌ಒ ಕಡತವನ್ನು ತೆರೆಯಿರಿ. ಅಲ್ಲಿ ‘ಕ’ ಎಂಬ ಅಕ್ಷರ ನೇರವಾಗಿಯೋ 3221 ಎಂಬ ಸಂಖ್ಯಾರೂಪದಲ್ಲೋ ಇದ್ದರೆ ಅಲ್ಲಿಯವರೆಗಿನ ಎಲ್ಲ ಹಂತಗಳೂ ಸ್ವಚ್ಛ. ಆ ಅಕ್ಷರ ಫಾಂಟಿನಲ್ಲಿಲ್ಲ, ಅಷ್ಟೇ. ಫಾಪ್‌ನ ಕಾನ್ಫಿಗರೇಷನ್ ಕಡತದಲ್ಲಿ ಫಾಂಟನ್ನು ನೋಂದಾಯಿಸಿ, ಆ ಕಡತವನ್ನು ಆಜ್ಞೆಯಲ್ಲಿ ಕೊಟ್ಟು, ಸ್ಟೈಲ್‌ಶೀಟಿನ ಬಾಡಿ ಫಾಂಟ್ ಪ್ಯಾರಾಮೀಟರಿಗೆ ಅದೇ ಹೆಸರು ಬರೆಯಬೇಕು. ಮೈಪಠ್ಯ ಸರಿಯಾಗಿ ಶೀರ್ಷಿಕೆಗಳಲ್ಲಿ ಮಾತ್ರ # ಉಳಿದರೆ ಟೈಟಲ್ ಫಾಂಟ್ ಪ್ಯಾರಾಮೀಟರ್ ಬಿಟ್ಟುಹೋಗಿದೆ, ಕೋಡಿನಲ್ಲಿ ಉಳಿದರೆ ಮಾನೋಸ್ಪೇಸ್‌ನದು.

ವೆಬ್ಬಿನ ಕಡೆಯೂ ಈ 3221 ಕಾಣಿಸಿಕೊಳ್ಳುತ್ತದೆ. ಎಚ್‌ಟಿಎಂಎಲ್ ಸ್ಟೈಲ್‌ಶೀಟಿನ ಮೂಲ ಎನ್‌ಕೋಡಿಂಗ್ ಐಎಸ್‌ಒ 8859-1 ಆಗಿರುವುದರಿಂದ ಕನ್ನಡದ ಪ್ರತಿ ಅಕ್ಷರವೂ ಸಂಖ್ಯೆಯಾಗಿ ಬರೆಯಲ್ಪಡುತ್ತದೆ. ಓದುವವರಿಗೆ ವ್ಯತ್ಯಾಸ ತಿಳಿಯದು. ಆದರೆ ಯುಟಿಎಫ್-8ರಲ್ಲಿ 3 ಬೈಟ್ ಸಾಕಾಗುವಲ್ಲಿ 7 ಬೈಟ್ ಖರ್ಚಾಗುತ್ತದೆ, ಕಡತದಲ್ಲಿ ಪದ ಹುಡುಕಿದರೆ ಸಿಗುವುದಿಲ್ಲ. ಚಂಕರ್ ಔಟ್‌ಪುಟ್ ಎನ್‌ಕೋಡಿಂಗ್ ಪ್ಯಾರಾಮೀಟರನ್ನು ಯುಟಿಎಫ್-8ಕ್ಕೆ ಬದಲಿಸಿದರೆ ಮುಗಿಯಿತು.

ಅಕ್ಷರಗಳೆಲ್ಲ ಬಂದಿದ್ದು ಒತ್ತಕ್ಷರಗಳು ಕೂಡಿಕೊಳ್ಳದಿದ್ದರೆ ಅದು ಫಾಂಟ್ ಇಲ್ಲದ ದೋಷವಲ್ಲ. ‘ಕ್ಷ’ ಎಂಬುದು ಕಡತದಲ್ಲಿ ‘ಕ’, ಹಲಂತ ಚಿಹ್ನೆ, ‘ಷ’ ಎಂಬ ಮೂರು ಸಂಕೇತಗಳು. ಅವನ್ನು ಒಂದು ರೂಪವಾಗಿ ಕೂಡಿಸುವುದು ಫಾಂಟಿನೊಳಗಿನ ಜೋಡಣಾ ಕೋಷ್ಟಕಗಳನ್ನು ಓದಬಲ್ಲ ಪುಟಜೋಡಕದ ಕೆಲಸ. ಫಾಪ್‌ನಲ್ಲಿ ಸಂಕೀರ್ಣ ಲಿಪಿಗಳ ಬೆಂಬಲ 1.1ನೇ ಆವೃತ್ತಿಯಿಂದ ಶುರುವಾಯಿತಾದರೂ ಅದು ಎಲ್ಲ ಲಿಪಿಗಳಿಗೂ ಒಂದೇ ಮಟ್ಟದ್ದಲ್ಲ. ಆದ್ದರಿಂದ ದೊಡ್ಡ ಪುಸ್ತಕ ಕೈಗೆತ್ತಿಕೊಳ್ಳುವ ಮುನ್ನ ‘ಕ್ಷ’, ‘ರ್ಕ’, ‘ಸ್ತ್ರೀ’, ‘ಕೋ’ ಇಷ್ಟನ್ನೇ ಬರೆದ ಒಂದು ಪ್ಯಾರಾದ ಡಾಕ್‌ಬುಕ್ ಕಡತದಿಂದ ಪಿಡಿಎಫ್ ಮಾಡಿ ನೋಡುತ್ತೇನೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅದೇ ಎಕ್ಸ್‌ಎಂಎಲ್ ಅನ್ನು, ಡಾಕ್‌ಬುಕ್ಕನ್ನು ಲೇಟೆಕ್‌ಗೆ ಪರಿವರ್ತಿಸುವ ಡಿಬಿಲೇಟೆಕ್ ಮೂಲಕ, ಜೀಟೆಕ್ ಎಂಬ ಪುಟಜೋಡಕಕ್ಕೆ ಕಳಿಸುತ್ತೇನೆ; ಅದು ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ತಂತ್ರಾಂಶ ಬಳಸುತ್ತದೆ. ಮೂಲ ಕಡತದ ಒಂದು ಟ್ಯಾಗೂ ಬದಲಾಗಬೇಕಿಲ್ಲ, ಆದರೆ ಎಫ್‌ಒಗಾಗಿ ಮಾಡಿದ ಅಂಚು, ಫಾಂಟು, ಕೋಡ್ ಅಗಲದ ಹೊಂದಾಣಿಕೆಗಳನ್ನೆಲ್ಲ ಅಲ್ಲಿ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.